ಒಡಹುಟ್ಟಿದವರ ಪಟ್ಟಿ

ಆ ಮನೆಯಲ್ಲಿ ಅವಳನ್ನು ಅಮ್ಮ ಎಂದು ಕರೆಯುವವರು ಯಾರೂ ಇರಲಿಲ್ಲ. ದೊಡ್ಡವಳು ಅಕ್ಕನ ಮಗಳು. ಅವಳಿಗೆ ಇವಳು ಚಿಕ್ಕಮ್ಮ. ಚಿಕ್ಕವಳನ್ನು ಹೆತ್ತವಳು ಇವಳೇ. ಆದರೆ ಆ ಮಗು ಮಾತು ಕಲಿತದ್ದು ದೊಡ್ಡವಳ ಸೊಂಟದ ಮೇಲೆ ಕೂತು, ಅವಳ ಬಾಯಿಯನ್ನೇ ನೋಡಿಕೊಂಡು. ಹಾಗಾಗಿ ಅದೂ ಚಿಕ್ಕಮ್ಮ ಎಂದೇ ಶುರುಮಾಡಿತು. ತಿದ್ದಲು ಹೋದ ಗಂಡನನ್ನು ಅವಳೇ ತಡೆದಳು.

"ಕರೀಲಿ ಬಿಡಿ. ಒಂದೇ ಮನೇಲಿ ಒಬ್ಬಳಿಗೆ ಅಮ್ಮ, ಇನ್ನೊಬ್ಬಳಿಗೆ ಚಿಕ್ಕಮ್ಮ ಅಂತ ಎರಡು ಥರ ಬಡಿಸೋಕಾಗಲ್ಲ ನಂಗೆ."

"ಹಾಗಾದ್ರೆ ನಾನೂ ಹಾಗೇ ಕರೀತೀನಿ. ಮನೆಗೆಲ್ಲ ಒಂದೇ ಅಳತೆ," ಎಂದ ಗಂಡ ತಮಾಷೆಗೆ ಶುರುಮಾಡಿದ್ದನ್ನು ಮತ್ತೆ ಬಿಡಲಿಲ್ಲ. ಬೀದಿಯವರು ಕೇಳಿಸಿಕೊಂಡರು, ಅಂಗಡಿಯವರು ಕೇಳಿಸಿಕೊಂಡರು. ನಲವತ್ತು ತುಂಬುವುದಕ್ಕೆ ಮೊದಲೇ ಅವಳು ಸುತ್ತಲಿನವರಿಗೆಲ್ಲ ಚಿಕ್ಕಮ್ಮನಾಗಿದ್ದಳು.

ಅವಳ ಕೆಲಸ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ. ಮುಂದಿನ ಗಾಜಿನ ಬಾಗಿಲು, ನಿಲುವುಗನ್ನಡಿ, ಸಾಲುದೀಪಗಳೆಲ್ಲ ಗಿರಾಕಿಗಳಿಗೆ. ಪರದೆ ಸರಿಸಿ ಹಿಂದೆ ಹೋದರೆ ಒಂದು ಉದ್ದನೆಯ ಬೆಂಚು, ಅದರ ತುದಿಗೆ ಅಂಚು ಅರೆಯುವ ಚಕ್ರ, ಚಕ್ರದ ಮೇಲೆ ಸಣ್ಣ ಕೊಳವೆಯಿಂದ ತೊಟ್ಟಿಕ್ಕುವ ನೀರು. ಲೆನ್ಸು ಕಾರ್ಖಾನೆಯಿಂದ ದುಂಡಗೆ ಬರುತ್ತದೆ. ಅದರ ನಡುವನ್ನು ಹುಡುಕಿ ಶಾಯಿಯ ಚುಕ್ಕೆ ಇಡಬೇಕು. ಹಾಕಿಕೊಳ್ಳುವವರ ಎರಡು ಕಣ್ಣುಗಳ ನಡುವಿನ ಅಂತರಕ್ಕೆ ಆ ಚುಕ್ಕೆ ಸರಿಯಾಗಿ ಕೂರುವಂತೆ ಗುರುತು ಹಾಕಿಕೊಂಡು, ಫ್ರೇಮಿನ ಆಕಾರಕ್ಕೆ ಅಂಚನ್ನು ಅರೆಯಬೇಕು. ಬಿಸಿಗಾಳಿಗೆ ಹಿಡಿದು ಮೆತ್ತಗಾದ ಫ್ರೇಮಿನೊಳಕ್ಕೆ ಲೆನ್ಸನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಬೇಕು. ಕೂದಲೆಳೆಯಷ್ಟು ಹೆಚ್ಚು ಅರೆದರೆ ಲೆನ್ಸು ಗಡಗಡ ಅಲುಗುತ್ತದೆ. ಕಡಿಮೆ ಅರೆದರೆ ಒಂದು ವಾರದಲ್ಲಿ ಅಂಚಿನಿಂದ ಬಿರುಕು ಬಿಡುತ್ತದೆ. ಹದಿನಾರು ವರ್ಷಗಳಲ್ಲಿ ಅವಳ ಕೈಯಿಂದ ಹೋದ ಕನ್ನಡಕ ತಲೆನೋವೆಂದು ಹಿಂದಿರುಗಿದ್ದು ಬೆರಳೆಣಿಕೆಯಷ್ಟು ಸಲ. ಉಗುರಿನ ಸಂದಿಯಲ್ಲಿ ಬಿಳಿಯ ಕೆಸರು ಕೂತಿರುತ್ತಿತ್ತು, ಎಷ್ಟು ಉಜ್ಜಿದರೂ ಹೋಗದು.

ಆ ಕೆಲಸಕ್ಕೆ ಅವಳನ್ನು ಸೇರಿಸಿದ್ದು ಅಕ್ಕ. ಅಕ್ಕ ಅದೇ ಅಂಗಡಿಯ ಮುಂಭಾಗದಲ್ಲಿದ್ದಳು, ಗಿರಾಕಿಗಳ ಮುಖಕ್ಕೆ ಫ್ರೇಮು ಹೊಂದಿಸುವವಳು. ಕಟ್ಟಿಕೊಂಡ ಮನುಷ್ಯ ಮಗು ಹುಟ್ಟುವ ಮೊದಲೇ ಬೇರೆ ಕಡೆ ಬೇರೆ ಸಂಸಾರ ಹೂಡಿ, ಮತ್ತೆ ತಿರುಗಿ ನೋಡಲಿಲ್ಲ. ಮಗುವಿಗೆ ಮೂರು ತುಂಬಿದ ವರ್ಷ ಅಕ್ಕನಿಗೆ ರಕ್ತದ ಕಾಯಿಲೆ ಬಂತು. ಹನ್ನೊಂದು ವಾರಗಳಲ್ಲಿ ಎಲ್ಲ ಮುಗಿಯಿತು. ಆಸ್ಪತ್ರೆಯಿಂದ ಹಿಂದಿರುಗಿದ ಸಂಜೆ ಮಗು ಬಾಗಿಲಲ್ಲೇ ನಿಂತು, "ಚಿಕ್ಕಮ್ಮ, ಅಮ್ಮ ಎಲ್ಲಿ?" ಎಂದು ಕೇಳಿತು. ಅವಳು ಗೋಡೆಯ ಮೇಲೆ ಅಕ್ಕನ ಫೋಟೋ ಹಾಕಿ, "ಇಲ್ಲಿದಾಳೆ ನೋಡು" ಎಂದಳು. ಆ ಹೊತ್ತಿಗೆ ಹೊಳೆದ ಉತ್ತರ ಅದು. ಅಂದಿನಿಂದ ಆ ಮನೆಯಲ್ಲಿ ಅಮ್ಮ ಎಂದರೆ ಆ ಫೋಟೋ.

ಮಗುವನ್ನು ಶಾಲೆಗೆ ಸೇರಿಸುವ ವರ್ಷ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಅಂಗಡಿಯಿಂದ ಎರಡು ಬೀದಿ ಆಚೆ ಇದ್ದ ಆ ಶಾಲೆಗೆ ವರ್ಷಕ್ಕೆ ನಲವತ್ತೇ ಮಕ್ಕಳು. ಅರ್ಜಿ ನಾನೂರರ ಹತ್ತಿರ. ಆದ್ದರಿಂದ ಲಾಟರಿ: ಸಭಾಂಗಣದ ವೇದಿಕೆಯ ಮೇಲೆ ತಂತಿಬಲೆಯ ಉರುಳೆ, ಒಳಗೆ ಸಂಖ್ಯೆ ಬರೆದ ಚೆಂಡುಗಳು. ಮೂವತ್ತೆಂಟನೆಯದಾಗಿ ಅವಳ ಕೈಯಲ್ಲಿದ್ದ ಸಂಖ್ಯೆಯನ್ನು ಕೂಗಿದಾಗ ಅವಳು ಚೀಟಿಯನ್ನೇ ತಿರುಗಿಸಿ ನೋಡುತ್ತ ಕೂತಳು. ಪಕ್ಕದವರು ಎಬ್ಬಿಸಿ ಕಳಿಸಿದರು.

ದಾಖಲಾತಿ ಬರೆಸಲು ಹೋದಾಗ ಎದುರಿಗೆ ಕೂತದ್ದು ಶಾಲೆಯ ಗುಮಾಸ್ತರು. ಯಾವ ಕಾಗದ ಕೊಟ್ಟರೂ ಮೊದಲು ಠಸ್ಸೆ ಒತ್ತಿ ಆಮೇಲೆ ಓದುವ ಅವರನ್ನು ಮಕ್ಕಳು ಬೆನ್ನ ಹಿಂದೆ ಠಸ್ಸೆ ತಾತ ಎನ್ನುತ್ತಿದ್ದರು. ಅವರು ಕನ್ನಡಕದ ಮೇಲಿಂದ ನೋಡಿ, "ತಾಯಿಯ ಹೆಸರು ಅನ್ನೋ ಕಡೆ ನಿನ್ನದೇ ಬರೆಸಮ್ಮ. ಸಾಕೋಳು ನೀನೇ ತಾನೇ? ಈಗಲೇ ದತ್ತು ಪತ್ರ ಮಾಡಿಸ್ಕೊಂಡು ಬಾ, ಮುಂದಕ್ಕೆ ತಾಪತ್ರಯ ಇರಲ್ಲ," ಎಂದರು.

"ಬೇಡ ಸರ್. ಅಕ್ಕನ ಹೆಸರೇ ಇರಲಿ. ಎಲ್ಲಾದ್ರೂ ಒಂದು ಕಡೆ ಅವಳ ಹೆಸರು ಇರಬೇಕಲ್ಲ."

ತಾಯಿಯ ಹೆಸರಿನ ಸಾಲಿನಲ್ಲಿ ಅಕ್ಕನ ಹೆಸರನ್ನು ಅವಳೇ ದುಂಡಗೆ ಬರೆದಳು. ಕೆಳಗೆ ಪೋಷಕರು ಎಂಬಲ್ಲಿ ತನ್ನದು. ಗುಮಾಸ್ತರ ಕಣ್ಣು ಒದ್ದೆಯಾದಂತೆ ಅವಳಿಗೆ ಕಂಡಿತು. ತನ್ನ ಬಗ್ಗೆ ತನಗೇ ಒಂದಿಷ್ಟು ಗೌರವವೆನಿಸಿದ ಅಪರೂಪದ ಗಳಿಗೆ ಅದು.

ಆ ಶಾಲೆಯಲ್ಲೊಂದು ಪದ್ಧತಿಯಿತ್ತು. ವರ್ಷದ ಕೊನೆಗೆ ಪ್ರಗತಿ ಪತ್ರ ಕೊಡುವಾಗ ಮಕ್ಕಳ ಹೆಸರನ್ನು ಕೂಗುತ್ತಿರಲಿಲ್ಲ. ತಾಯಿಯ ಹೆಸರನ್ನು ಕೂಗುತ್ತಿದ್ದರು. ತಾಯಂದಿರು ಎದ್ದು ವೇದಿಕೆಗೆ ಹೋಗಿ ಪತ್ರ ಪಡೆದು, ಕೆಳಗೆ ಸಾಲಿನಲ್ಲಿ ನಿಂತ ಮಗುವಿನ ಕೈಗೆ ಕೊಡಬೇಕು. ಏಳು ವರ್ಷ, ಏಳು ಸಲ, ಸಭಾಂಗಣದ ಧ್ವನಿವರ್ಧಕದಲ್ಲಿ ಸತ್ತ ಅಕ್ಕನ ಹೆಸರು ಕೇಳಿದಾಗಲೆಲ್ಲ ಚಿಕ್ಕಮ್ಮ ಎದ್ದು ನಿಂತಳು. ಆ ಹೆಸರಿಗೆ ಓಗೊಡಲು ತಾನೊಬ್ಬಳಾದರೂ ಇದ್ದೇನಲ್ಲ ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದಳು. ಕೆಳಗೆ ಸಾಲಿನಲ್ಲಿ ನಿಂತವಳ ಮುಖವನ್ನು ಆ ಹೊತ್ತಿನಲ್ಲಿ ಅವಳು ಸರಿಯಾಗಿ ನೋಡಿರಲಿಲ್ಲ.

ಈಗ ದೊಡ್ಡವಳಿಗೆ ಹನ್ನೆರಡು, ಏಳನೆಯ ತರಗತಿ. ಚಿಕ್ಕವಳಿಗೆ ಐದು ತುಂಬಿ, ಅವಳನ್ನೂ ಸೇರಿಸುವ ವರ್ಷ ಬಂತು.

ಈ ಸಲ ಮನೆಯಲ್ಲಿ ಯಾರಿಗೂ ಆತಂಕವಿರಲಿಲ್ಲ. ಶಾಲೆಯಲ್ಲಿ ಈಗಾಗಲೇ ಓದುತ್ತಿರುವವರ ಒಡಹುಟ್ಟಿದ ಮಕ್ಕಳಿಗೆ ಮೊದಲ ಆದ್ಯತೆ. ಅವರ ಹೆಸರು ಉರುಳೆಗೆ ಹೋಗುವುದೇ ಇಲ್ಲ, ಬೇರೆ ಪಟ್ಟಿಯಲ್ಲಿ ನೇರವಾಗಿ ಸೀಟು. ದೊಡ್ಡವಳು ತನ್ನ ಹಳೆಯ ಚೀಲವನ್ನು ಒಗೆದು ಒಣಗಿಸಿ ತಂಗಿಯ ಹೆಗಲಿಗೆ ಹಾಕಿ ನೋಡಿದ್ದಳು. ಚೀಲ ಮೊಣಕಾಲಿಗೆ ಬಡಿಯುತ್ತಿತ್ತು. "ಚಿಕ್ಕಮ್ಮ, ಇವಳು ಚೀಲಾನ ಹೊರಲ್ಲ, ಚೀಲಾನೇ ಇವಳನ್ನ ಹೊರುತ್ತೆ," ಎಂದು ನಕ್ಕಿದ್ದಳು.

ಆ ಶಾಲೆ ಬಿಟ್ಟರೆ ಇನ್ನೊಂದು ಇದ್ದದ್ದು ಊರಿನ ಆಚೆ ತುದಿಯಲ್ಲಿ, ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ. ಅಲ್ಲಿ ಚಿಕ್ಕ ಮಕ್ಕಳಿಗೆ ಅರ್ಧ ದಿನ ಮಾತ್ರ ತರಗತಿ. ಗಂಡ ಲಿಫ್ಟ್ ರಿಪೇರಿಯವನು. ಎಲ್ಲಿ ಯಾರು ನಡುವಿನಲ್ಲಿ ಸಿಕ್ಕಿಹಾಕಿಕೊಂಡರೂ ಹೇಳಿದ ಹೊತ್ತಿಗೆ ಓಡಬೇಕು. ಬಿಡಲು ಕರೆತರಲು ಬೇರೆ ಯಾರಿದ್ದಾರೆ? ಇಲ್ಲಿ ಸೀಟು ಸಿಗದಿದ್ದರೆ ಚಿಕ್ಕಮ್ಮ ಬೆಂಚು ಬಿಡಬೇಕಾಗಿತ್ತು. ತನ್ನ ಕೈಗೆ ಗೊತ್ತಿದ್ದ ವಿದ್ಯೆ ಅದೊಂದೇ ಎಂಬುದು ಅವಳಿಗೆ ಚೆನ್ನಾಗಿ ತಿಳಿದಿತ್ತು.

ಅರ್ಜಿಯ ಪರಿಶೀಲನೆಗೆ ಮಗುವನ್ನು ಕರೆದುಕೊಂಡು ಬರಲು ಹೇಳಿದ್ದರು. ಹಿಂದಿನ ವರ್ಷ ಯಾರೋ ಅಣ್ಣತಮ್ಮಂದಿರ ಮಕ್ಕಳನ್ನೆಲ್ಲ ಒಂದೇ ತಾಯಿಯ ಮಕ್ಕಳೆಂದು ತೋರಿಸಿ ನಾಲ್ಕು ಸೀಟು ಹೊಡೆದಿದ್ದರಂತೆ. ಆದ್ದರಿಂದ ಈ ಸಲ ಗುಮಾಸ್ತರ ಪಕ್ಕದಲ್ಲಿ ತಪಾಸಣೆಯ ಮೇಡಂ ಒಬ್ಬರು ಕೂತಿದ್ದರು. ಕಾಗದ ನೋಡುವ ಮೊದಲೇ ಅವರು ಮಗುವನ್ನು ಹತ್ತಿರ ಕರೆದರು.

"ನಿನ್ನ ಕರ್ಕೊಂಡು ಬಂದಿದಾರಲ್ಲ, ಇವರು ಯಾರು ಪುಟ್ಟಿ?"

"ಚಿಕ್ಕಮ್ಮ."

"ಮತ್ತೆ ಅಮ್ಮ ಎಲ್ಲಿ?"

ಮಗು ಅದೆಂಥ ಪ್ರಶ್ನೆ ಎನ್ನುವಂತೆ ನೋಡಿತು. "ಅಮ್ಮ ಸತ್ತೋಗಿದಾಳೆ. ಫೋಟೋದಲ್ಲಿದಾಳೆ."

ಚಿಕ್ಕಮ್ಮನಿಗೆ ನಗು ಬಂತು. ಗುಮಾಸ್ತರೂ ಮೀಸೆಯಡಿಯಲ್ಲೇ ನಕ್ಕರು. ಮೇಡಂ ನಗಲಿಲ್ಲ. ಜನನ ಪತ್ರ ತೆಗೆದು ಓದಿದರು, ಅದರಲ್ಲಿ ತಾಯಿ ಚಿಕ್ಕಮ್ಮನೇ. ಅಷ್ಟಕ್ಕೆ ಸಮಾಧಾನವಾಗದೆ ದೊಡ್ಡವಳ ದಾಖಲಾತಿ ಪುಸ್ತಕ ತರಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ಬೆರಳಾಡಿಸಿದರು.

"ಈ ಮಗು ನಿಮ್ಮದೇ, ಒಪ್ಪಿದೆ. ಆದ್ರೆ ಆ ಮಗು ನಿಮ್ಮದಲ್ಲ."

"ಆ ಮಗು ನಂದಲ್ಲ ಅಂತ ಯಾರು ಹೇಳಿದ್ದು ಮೇಡಂ?"

"ನೀವೇ. ಇದು ನಿಮ್ಮ ಅಕ್ಷರ ತಾನೇ?"

ತನ್ನದೇ ದುಂಡು ಅಕ್ಷರ. ತಾಯಿ ಅಥವಾ ತಂದೆ, ಇಬ್ಬರಲ್ಲಿ ಒಬ್ಬರಾದರೂ ಒಂದೇ ಆಗಿರಬೇಕು, ಪೋಷಕರು ಒಂದೇ ಆದರೆ ಸಾಲದು ಎಂದು ಮೇಡಂ ನಿಯಮ ಓದಿ ಹೇಳಿದರು. ಚಿಕ್ಕವಳ ಹೆಸರು ಒಡಹುಟ್ಟಿದವರ ಪಟ್ಟಿಯಿಂದ ಸಾಮಾನ್ಯ ಪಟ್ಟಿಗೆ ಹೋಯಿತು. ಆ ವರ್ಷ ಒಡಹುಟ್ಟಿದವರ ಪಟ್ಟಿಯಲ್ಲಿ ಇಪ್ಪತ್ತಾರು ಮಕ್ಕಳಿದ್ದರು. ಉಳಿದ ಹದಿನಾಲ್ಕು ಸೀಟಿಗೆ ಮುನ್ನೂರ ಎಂಬತ್ತು ಚೆಂಡುಗಳು.

ಮೇಡಂ ಎದ್ದು ಹೋದ ಮೇಲೆ ಗುಮಾಸ್ತರು ತಗ್ಗಿದ ದನಿಯಲ್ಲಿ, "ಅವತ್ತೇ ಹೇಳಿದ್ದೆ ನಿಂಗೆ," ಎಂದರು. "ಪಟ್ಟಿ ಅಂಟಿಸೋಕೆ ಇನ್ನೂ ಹನ್ನೆರಡು ದಿನ ಇದೆ. ದತ್ತು ಪತ್ರ ನೋಂದಾಯಿಸ್ಕೊಂಡು ಬಾ, ದೊಡ್ಡವಳ ದಾಖಲೆ ತಿದ್ದಿ ಕೊಡ್ತೀನಿ. ಆದ್ರೆ ಹತ್ತು ವರ್ಷ ದಾಟಿದ ಮಗು ತಾನೇ ಒಪ್ಪಿ ಸಹಿ ಹಾಕ್ಬೇಕು. ಅದಿಲ್ದೆ ನೋಂದಣಿ ಕಚೇರಿಯೋರು ಮುಟ್ಟಲ್ಲ."

"ತಿದ್ದೋದು ಅಂದ್ರೆ, ಅಕ್ಕನ ಹೆಸರು?"

"ಒಂದೇ ಸಾಲು ಇರೋದಮ್ಮ ಅಲ್ಲಿ."

ಗಂಡ ವಿಷಯ ಕೇಳಿ ಮೊದಲು ನಕ್ಕ. ಮಗುವಿನ ಉತ್ತರವನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ, "ಇದರಲ್ಲಿ ಯೋಚನೆ ಮಾಡೋದೇನಿದೆ ಚಿಕ್ಕಮ್ಮ? ಸಾಕಿದ್ದು ನೀನು, ಒಂದು ಕಾಗದ ಅಷ್ಟೆ. ನಿಮ್ಮಕ್ಕ ಇದ್ದಿದ್ರೆ ಅವಳೇ ಬೈದು ಸಹಿ ಹಾಕಿಸೋಳು," ಎಂದ.

"ಅವಳು ಇದ್ದಿದ್ರೆ ಸಹಿ ಯಾಕೆ ಬೇಕಿತ್ತು?"



ನಾಲ್ಕು ದಿನ ಅವಳು ಆ ಮಾತೆತ್ತಲಿಲ್ಲ. ಬೆಂಚಿನ ಮುಂದೆ ಕೂತಾಗಲೆಲ್ಲ ಅಕ್ಕ ಬಂದು ಪರದೆಯ ಆಚೆ ನಿಂತಂತೆ ಅನಿಸುತ್ತಿತ್ತು. ಅಕ್ಕನನ್ನು ಎರಡನೆಯ ಸಲ ಕಳಿಸಿಕೊಡುತ್ತಿದ್ದೇನೆ, ಈ ಸಲ ಕೈಯಾರೆ ಎಂದು ಅವಳು ಕೊರಗಿದಳು. ಆ ನಾಲ್ಕು ದಿನವೂ ಅವಳ ಕೊರಗೆಲ್ಲ ಸತ್ತವಳ ಬಗ್ಗೆಯೇ ಇತ್ತು. ದೊಡ್ಡವಳು ಏನೆಂದುಕೊಳ್ಳುತ್ತಾಳೋ ಎಂದು ಯೋಚಿಸಿದಾಗಲೂ, ಅಮ್ಮನ ಹೆಸರು ಹೋಗುತ್ತದೆಂದು ಅಳಬಹುದು, ಹೇಗೆ ಸಮಾಧಾನ ಮಾಡಲಿ ಎಂದಷ್ಟೇ ಯೋಚಿಸಿದಳು.

ಭಾನುವಾರ ಮಧ್ಯಾಹ್ನ ದೊಡ್ಡವಳು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಚಿಕ್ಕವಳು ಕೆಳಗೆ ಪಕ್ಕದ ಮನೆಯ ಮಕ್ಕಳ ಜೊತೆ ಆಡುತ್ತಿದ್ದಳು. ಅವಳ ಕೂಗು ಆಗಾಗ ಕಿಟಕಿಯಿಂದ ಬರುತ್ತಿತ್ತು. ಚಿಕ್ಕಮ್ಮ ಮಂಚದ ತುದಿಯಲ್ಲಿ ಕೂತಳು.

"ನಿಂದೊಂದು ಸಹಿ ಬೇಕು ಕಣೇ."

"ನನ್ನ ಕಾರ್ಡಿಗೆ ನೀನು ಸಹಿ ಹಾಕ್ತೀಯ, ಈಗ ನಿಂಗೆ ನಾನು ಹಾಕ್ಬೇಕಾ? ಎಷ್ಟು ಮಾರ್ಕ್ಸ್ ಬಂದಿದೆ ಚಿಕ್ಕಮ್ಮ, ಫೇಲಾ?"

ಚಿಕ್ಕಮ್ಮ ಎಲ್ಲವನ್ನೂ ಹೇಳಿದಳು. ಮೇಡಂ, ಪುಸ್ತಕ, ಹನ್ನೆರಡು ದಿನ, ಅದರಲ್ಲಿ ಈಗ ಉಳಿದ ಎಂಟು. ದೊಡ್ಡವಳು ಲಂಗದ ನೆರಿಗೆಯನ್ನು ಒಂದೊಂದಾಗಿ ಕೂರಿಸುತ್ತ ಕೇಳಿದಳು. ಒಂದು ನೆರಿಗೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

"ಅಂದ್ರೆ ನಾನು ನಿನ್ನ ಮಗಳು ಅಂತ ಆಗುತ್ತಾ?"

"ಆಗುತ್ತೆ."

"ಇಷ್ಟು ದಿನ ಯಾಕೆ ಮಾಡ್ಲಿಲ್ಲ?"

"ನಿಮ್ಮಮ್ಮನ ಹೆಸರು ಎಲ್ಲಾದ್ರೂ ಒಂದು ಕಡೆ ಉಳೀಲಿ ಅಂತ ಪುಟ್ಟಾ. ಎಷ್ಟಾದ್ರೂ ನಿನ್ನ ಹೆತ್ತೋಳು."

"ನಂಗೆ ಅವಳ ಮುಖಾನೇ ನೆನಪಿಲ್ಲ ಚಿಕ್ಕಮ್ಮ. ಫೋಟೋ ನೆನಪಿದೆ ಅಷ್ಟೆ." ಅವಳ ದನಿ ಏರಲಿಲ್ಲ. "ಪ್ರತಿ ವರ್ಷ ಕಾರ್ಡ್ ಕೊಡೋ ದಿನ ಬೇರೆ ಯಾರದೋ ಹೆಸರು ಕೂಗ್ತಾರೆ, ನೀನು ಎದ್ದು ಬರ್ತೀಯ. ಕ್ಲಾಸಲ್ಲಿ ಎಲ್ಲಾರಿಗೂ ಗೊತ್ತಾಗೋದು ಆವತ್ತೇ. ಇವಳಿಗೆ ಅಮ್ಮ ಇಲ್ಲ, ಬಂದಿರೋದು ಅಮ್ಮ ಅಲ್ಲ ಅಂತ. ಎರಡನೇ ಕ್ಲಾಸಲ್ಲಿ ಕೇಳಿದ್ದೆ, ನಿನ್ನ ಹೆಸರೇ ಹಾಕ್ಸು ಅಂತ. ನೆನಪಿದೆಯಾ?"

ಚಿಕ್ಕಮ್ಮನಿಗೆ ನೆನಪಿರಲಿಲ್ಲ.

"ಅಕ್ಕ ಬೇಜಾರು ಮಾಡ್ಕೋತಾಳೆ ಅಂದೆ ನೀನು. ಸತ್ತೋಳು ಬೇಜಾರು ಮಾಡ್ಕೋತಾಳೆ. ನಾನು ಮಾಡ್ಕೊಳ್ಳಲ್ಲ."

ಕಿಟಕಿಯಿಂದ ಚಿಕ್ಕವಳ ಕೂಗು ಬಂತು: "ಅಕ್ಕಾ, ನೋಡೇ ಇಲ್ಲಿ!" ದೊಡ್ಡವಳು ಕಿಟಕಿಯ ಹತ್ತಿರ ಹೋಗಿ ನೋಡಿ, ಕೈಬೀಸಿ, ವಾಪಸು ಬಂದು ಪೆಟ್ಟಿಗೆ ಹಿಡಿದಳು.

"ಈಗ ಅವಳಿಗೆ ಸೀಟು ಬೇಕು. ಅದಕ್ಕೆ ನಾನು ನಿನ್ನ ಮಗಳಾಗ್ಬೇಕು. ಅಲ್ವಾ ಚಿಕ್ಕಮ್ಮ?"

ಚಿಕ್ಕಮ್ಮ ಇಲ್ಲ ಎನ್ನಲು ಬಾಯಿ ತೆರೆದಳು. ಆದರೆ ಆ ಗಳಿಗೆಯಲ್ಲಿ ಅವಳಿಗೆ ಗುಮಾಸ್ತರ ಮೇಜಿನ ಮುಂದೆ ಕೂತ ಆ ಮೊದಲ ದಿನ ನೆನಪಾಗಿತ್ತು, ಇಷ್ಟು ವರ್ಷ ನೆನಪಿಸಿಕೊಂಡ ಬಗೆಯಲ್ಲಲ್ಲ. ಆ ತಿಂಗಳು ಲಿಫ್ಟಿನವನ ಕಡೆಯಿಂದ ಮದುವೆಯ ಮಾತು ಬಂದಿತ್ತು. ಮಗುವಿನ ಸಮೇತ ಒಪ್ಪುತ್ತಾನೋ ಇಲ್ಲವೋ ಇನ್ನೂ ತಿಳಿದಿರಲಿಲ್ಲ. ಮದುವೆಯಾಗದ ಹೆಣ್ಣಿನ ಹೆಸರು ಶಾಲೆಯ ಪುಸ್ತಕದಲ್ಲಿ ತಾಯಿ ಎಂದು ಬಿದ್ದರೆ ನೋಡಿದವರು ಏನೆಂದಾರು ಎಂಬ ಯೋಚನೆ, ಪೆನ್ನು ಹಿಡಿದಾಗ, ಅಕ್ಕನ ಮೇಲಿನ ಪ್ರೀತಿಯ ಪಕ್ಕದಲ್ಲೇ ಕೂತಿತ್ತು. ಎರಡರಲ್ಲಿ ಯಾವುದು ಬರೆಸಿತು ಎಂದು ಅವಳು ಯಾವತ್ತೂ ಕೇಳಿಕೊಂಡಿರಲಿಲ್ಲ. ಅಕ್ಕನ ಹೆಸರು ಎಷ್ಟು ಚೆನ್ನಾಗಿ ಎಲ್ಲವನ್ನೂ ಮುಚ್ಚಿತೆಂದರೆ ಮದುವೆಯಾದ ಮೇಲೂ ಅದನ್ನು ತೆಗೆಯಬೇಕೆಂದು ತೋಚಿರಲಿಲ್ಲ.

ಇದನ್ನೆಲ್ಲ ಹನ್ನೆರಡು ವರ್ಷದ ಹುಡುಗಿಗೆ ಹೇಗೆ ಹೇಳುವುದು? ಹೇಳಿದರೆ ಇನ್ನಷ್ಟು ಕೆಡುತ್ತದೆಯೋ ಏನೋ. ದೊಡ್ಡವಳು ಲಂಗವನ್ನು ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿ, ಪೆಟ್ಟಿಗೆಯ ತಂತಿ ಕಿತ್ತಳು.

"ಯಾವತ್ತು ಹೋಗ್ಬೇಕು? ಗುರುವಾರ ನಂಗೆ ಟೆಸ್ಟ್ ಇದೆ."

"ಬುಧವಾರ."

"ಸರಿ."

ಗಂಡನಿಗೆ ಹೇಳಿದಾಗ ಅವನು ನಿಟ್ಟುಸಿರುಬಿಟ್ಟು, "ನೋಡು, ಎಷ್ಟು ಸಲೀಸಾಗಿ ಒಪ್ಕೊಂಡ್ಲು. ನೀನು ಸುಮ್ಮನೆ ಒದ್ದಾಡಿದೆ," ಎಂದ. ಆಮೇಲೆ ಅವಳು ದೊಡ್ಡವಳಾಡಿದ ಮಿಕ್ಕ ಮಾತನ್ನೂ ಹೇಳಿದಳು. ಅವನು ಕೈತೊಳೆಯುವುದನ್ನು ನಿಲ್ಲಿಸಿ ನಲ್ಲಿಯ ಮುಂದೆ ನಿಂತ.

"ಕಿರಿಚಾಡ್ಲಿಲ್ವಾ?"

"ಇಲ್ಲ."

"ಕಿರಿಚಾಡಿದ್ರೆ ಚೆನ್ನಾಗಿತ್ತು," ಎಂದ. "ಸದ್ದು ಮಾಡೋ ಲಿಫ್ಟಿಗೆ ಏನಾಗಿದೆ ಅಂತ ಹೇಳ್ಬೋದು."

ನೋಂದಣಿ ಕಚೇರಿ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಗಂಡ ಮುಂದೆ ಹತ್ತಿಹೋದ. ಮೆಟ್ಟಿಲ ತಿರುವಿನಲ್ಲಿ ಚಿಕ್ಕಮ್ಮ ದೊಡ್ಡವಳ ಕೈಹಿಡಿದು ನಿಲ್ಲಿಸಿದಳು.

"ಬೇಡ ಅನ್ಸಿದ್ರೆ ಈಗ್ಲೂ ಹೇಳು. ವಾಪಸ್ ಹೋಗೋಣ. ನಾನೇನೂ ಅಂದ್ಕೊಳಲ್ಲ."

"ವಾಪಸ್ ಹೋಗಿ? ಅವಳನ್ನ ಯಾರು ಕರ್ಕೊಂಡು ಹೋಗ್ತಾರೆ ಅಷ್ಟು ದೂರದ ಸ್ಕೂಲಿಗೆ? ನೀನು ಕೆಲಸ ಬಿಡ್ತೀಯಾ?" ಎಂದಳು ದೊಡ್ಡವಳು. "ನಡಿ, ಸಾಲು ಉದ್ದ ಆಗುತ್ತೆ."

ಟೈಪ್ ಮಾಡುವವನು ನಮೂನೆ ತುಂಬುತ್ತಿದ್ದ. ದತ್ತು ಪಡೆಯಲು ಕಾರಣ ಎಂಬ ಸಾಲು ಬಂದಾಗ ಚಿಕ್ಕಮ್ಮ ಗಂಡನ ಮುಖ ನೋಡಿದಳು. ಟೈಪ್ ಮಾಡುವವನು ಕಾಯಲಿಲ್ಲ. ಎಲ್ಲರಿಗೂ ಹಾಕುವಂತೆ 'ಮಗುವಿನ ಹಿತದೃಷ್ಟಿಯಿಂದ' ಎಂದು ಒತ್ತಿ ಮುಂದಿನ ಸಾಲಿಗೆ ಹೋದ. ಯಾವ ಮಗುವಿನ ಎಂದು ನಮೂನೆ ಕೇಳಿರಲಿಲ್ಲ.

ಒಪ್ಪಿಗೆ ಕೇಳಲು ಅಧಿಕಾರಿ ದೊಡ್ಡವಳೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಯಾರಾದರೂ ಬಲವಂತ ಮಾಡಿದ್ದಾರೆಯೇ ಎಂದು ಕೇಳುವುದು ಕ್ರಮ. ನಾಲ್ಕು ನಿಮಿಷ ಹಿಡಿಯಿತು. ಒಳಗೆ ಅವಳು ಏನು ಹೇಳಿದಳೋ, ಹೊರಬಂದಾಗ ಅಧಿಕಾರಿ ಚಿಕ್ಕಮ್ಮನನ್ನು ಒಮ್ಮೆ ದಿಟ್ಟಿಸಿ, "ಜಾಣ ಮಗು. ಚೆನ್ನಾಗಿ ನೋಡ್ಕೊಳ್ಳಿ," ಎಂದರು. ಹೊಗಳಿಕೆಯೋ ಎಚ್ಚರಿಕೆಯೋ ಅವಳಿಗೆ ತಿಳಿಯಲಿಲ್ಲ.

ಶಾಲೆಯಲ್ಲಿ ಗುಮಾಸ್ತರು ಪುಸ್ತಕ ಬಿಡಿಸಿ, ಕೆಂಪು ಶಾಯಿಯ ಪೆನ್ನು ಹುಡುಕಿ ತೆಗೆದರು. "ಒಂದೇ ಗೆರೆ ಹೊಡೀತೀನಿ. ಕೆಳಗಿನ ಹೆಸರು ಓದೋ ಹಾಗಿರುತ್ತೆ. ಅಷ್ಟು ನನ್ನ ಕೈಯಲ್ಲಾಗುತ್ತೆ," ಎಂದರು. ಅಡಿಪಟ್ಟಿಯಿಟ್ಟು, ಅಕ್ಕನ ಹೆಸರಿನ ನಡುವೆ ತೆಳ್ಳನೆಯ ಗೆರೆ ಎಳೆದು, ಮೇಲಿನ ಕಿರಿದಾದ ಜಾಗದಲ್ಲಿ ಚಿಕ್ಕಮ್ಮನ ಹೆಸರು ಬರೆದರು. ಪಕ್ಕದಲ್ಲಿ ತಾರೀಕು, ಚಿಕ್ಕ ಸಹಿ. ಈ ಸಲ ಠಸ್ಸೆ ಒತ್ತುವ ಮೊದಲು ಓದಿದರು.

ಲಾಟರಿಯ ದಿನ ಒಡಹುಟ್ಟಿದವರ ಪಟ್ಟಿಯ ತಂದೆತಾಯಿಯರೂ ಹಾಜರಿರಬೇಕಿತ್ತು. ಮೊದಲು ಆ ಇಪ್ಪತ್ತೇಳು ಹೆಸರುಗಳನ್ನು ಓದಿದರು. ಚಿಕ್ಕವಳದು ಇಪ್ಪತ್ತೇಳನೆಯದು, ಕೊನೆಯಲ್ಲಿ ಕೈಬರಹದಲ್ಲಿ ಸೇರಿಸಿದ್ದು. ಪಕ್ಕದಲ್ಲಿ ಕೂತಿದ್ದ ಬಣ್ಣ ಹೊಡೆಯುವ ಕೆಲಸದವನು, ಬೆರಳ ಮೇಲೆ ಲೆಕ್ಕ ಹಾಕುತ್ತಿದ್ದವನು, ತನಗೆ ತಾನೇ ಎಂಬಂತೆ ಹೇಳಿದ.

"ಹದಿಮೂರಕ್ಕೆ ಬಂತು. ಹದಿನಾಲ್ಕು ಅಂದಿದ್ರು ಮೊನ್ನೆ." ಆಮೇಲೆ ಅವಳ ಕಡೆ ತಿರುಗಿ, "ನಮ್ಮದು ಒಂದೇ ಪಿಳ್ಳೆ ಅಕ್ಕಾವ್ರೇ. ಅಣ್ಣನೂ ಇಲ್ಲ, ಅಕ್ಕನೂ ಇಲ್ಲ. ಎಲ್ಲಿಂದ ತರೋದು? ನಿಮ್ಮದು ಯಾವ ಪಟ್ಟಿ?" ಎಂದ.

"ಮೊದಲ್ನೇದು."

"ಪುಣ್ಯವಂತ್ರು ಬಿಡಿ."

ಉರುಳೆ ಹದಿಮೂರು ಸಲ ತಿರುಗಿ ನಿಂತಿತು. ಅವನು ಕೊನೆಯ ಚೆಂಡಿನವರೆಗೂ ಕೈಯಲ್ಲಿದ್ದ ಚೀಟಿಯನ್ನೇ ನೋಡುತ್ತಿದ್ದ. ಎದ್ದು ಹೋಗುವಾಗ ಅದನ್ನು ಬಿಸಾಡದೆ, ನಾಲ್ಕು ಮಡಿಕೆ ಮಾಡಿ ಬಣ್ಣ ಮೆತ್ತಿದ ಅಂಗಿಯ ಜೇಬಿಗೆ ಹಾಕಿಕೊಂಡ. ಮನೆಗೆ ಹೋಗುವ ದಾರಿಯುದ್ದಕ್ಕೂ ಚಿಕ್ಕಮ್ಮನಿಗೆ ಸಂತೋಷಪಡುವುದು ಹೇಗೆಂದು ತಿಳಿಯಲಿಲ್ಲ.

ಬಯಸಿದ್ದೆಲ್ಲ ಆಯಿತು. ಚಿಕ್ಕವಳು ಬೆಳಿಗ್ಗೆ ಅಕ್ಕನ ಕೈಹಿಡಿದು ಹೊರಡುತ್ತಾಳೆ. ಮೊಣಕಾಲಿಗೆ ಬಡಿಯುವ ಚೀಲವನ್ನು ಬೀದಿಯ ತಿರುವಿನವರೆಗೆ ತಾನು ಹೊತ್ತು, ಅಲ್ಲಿಂದ ಮುಂದೆ ಅಕ್ಕನಿಗೆ ದಾಟಿಸುತ್ತಾಳೆ. ಚಿಕ್ಕಮ್ಮ ಬೆಂಚು ಬಿಡಬೇಕಾಗಲಿಲ್ಲ. ದೊಡ್ಡವಳು ಮೊದಲಿನಂತೆಯೇ ಓದುತ್ತಾಳೆ, ತಂಗಿಗೆ ಅಕ್ಷರ ತಿದ್ದಿಸುತ್ತಾಳೆ, ಚಿಕ್ಕಪ್ಪನ ಜೋಕಿಗೆ ನಗುತ್ತಾಳೆ. ಹೇಳಿದ ಕೆಲಸ ಮಾಡುತ್ತಾಳೆ. ಒಂದು ದಿನವೂ ಎದುರಾಡಿಲ್ಲ.

ಚಿಕ್ಕಮ್ಮ ಎಂದು ಕರೆಯುವುದನ್ನು ಬಿಟ್ಟಿದ್ದಾಳೆ ಎಂಬುದು ತಿಳಿಯಲು ಮೂರು ವಾರ ಬೇಕಾಯಿತು. ತಿಳಿದ ಮೇಲೆ ಚಿಕ್ಕಮ್ಮ ನೆನಪಿನಲ್ಲಿ ಹಿಂದಕ್ಕೆ ಹೋಗಿ ಹುಡುಕಿದಳು. ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಆಡಿದ ಮಾತಿನಲ್ಲಿ ಆ ಪದವಿರಲಿಲ್ಲ. ಅದರ ಹಿಂದಿನ ಭಾನುವಾರ ಇತ್ತು. ಅಮ್ಮ ಎಂದೂ ಕರೆಯಲಿಲ್ಲ. ಎರಡನ್ನೂ ಬಳಸದೆ ಒಂದು ಮನೆಯಲ್ಲಿ ಬದುಕುವುದು ಸುಲಭವಲ್ಲ, ಆದರೆ ದೊಡ್ಡವಳು ಅದನ್ನು ಬೇಗ ಕಲಿತುಬಿಟ್ಟಿದ್ದಳು. "ಊಟ ಆಯ್ತಾ?" ಎಂದು ನೇರವಾಗಿ ಶುರುಮಾಡುತ್ತಾಳೆ. ದೂರದಲ್ಲಿದ್ದರೆ ಹತ್ತಿರ ಬಂದು ಮಾತಾಡುತ್ತಾಳೆ. ಸ್ನಾನದ ಮನೆಯ ಬಾಗಿಲಾದರೆ ಎರಡು ಸಲ ತಟ್ಟುತ್ತಾಳೆ. ಅವಸರವಿದ್ದರೆ ಚಿಕ್ಕವಳನ್ನು ಕಳಿಸುತ್ತಾಳೆ: "ಹೋಗಿ ಕೇಳು, ಛತ್ರಿ ಎಲ್ಲಿದೆ ಅಂತ." ಗಂಡನಿಗೂ ಗೊತ್ತಾಯಿತು. ಅವನು ಕೂಡ ಈಗ ಹೆಂಡತಿಯನ್ನು ಆ ಹೆಸರಿನಿಂದ ಕರೆಯುವಾಗ ಸುತ್ತ ಒಮ್ಮೆ ನೋಡಿಕೊಳ್ಳುತ್ತಾನೆ. ಆ ವರ್ಷದ ಪ್ರಗತಿ ಪತ್ರ ತರಲು ಚಿಕ್ಕಮ್ಮ ಅವನನ್ನೇ ಕಳಿಸಿದಳು.

ಶಾಲೆ ಬಿಟ್ಟ ಮೇಲೆ ಇಬ್ಬರೂ ಅಂಗಡಿಗೆ ಬಂದು, ಬೀಗದ ಕೈ ಇಸಿದುಕೊಂಡು ಮನೆಗೆ ಹೋಗುವುದು ರೂಢಿ. ಒಂದು ಸಂಜೆ ಅವಳಿಗೆ ದಪ್ಪನೆಯ ಲೆನ್ಸಿನ ಕೆಲಸವಿತ್ತು; ವಯಸ್ಸಾದವರೊಬ್ಬರದು, ಅರೆದಷ್ಟೂ ಮುಗಿಯದು. ಚಕ್ರದ ಗಿರಗಿರ ಸದ್ದಿನಲ್ಲಿ ಹೊರಗಿನದು ಏನೂ ಕೇಳುವುದಿಲ್ಲ. ಕೊನೆಗೆ ಚಕ್ರ ನಿಲ್ಲಿಸಿ, ಲೆನ್ಸನ್ನು ದೀಪಕ್ಕೆ ಹಿಡಿದು ನೋಡಿ, ಹಾಗೆಯೇ ತಲೆಯೆತ್ತಿದಳು. ಪರದೆಯ ಪಕ್ಕದಲ್ಲಿ ದೊಡ್ಡವಳು ಎರಡು ಚೀಲಗಳನ್ನೂ ಹೆಗಲಿಗೇರಿಸಿ ನಿಂತಿದ್ದಳು. ಕಾಲ ಬಳಿ ಚಿಕ್ಕವಳು ಗೋಡೆಗೊರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು.

"ಎಷ್ಟೊತ್ತಾಯ್ತೇ ಬಂದು?"

"ಈಗಷ್ಟೆ."

ಮಗು ನಿದ್ದೆ ಹೋಗುವಷ್ಟು ಹೊತ್ತು. ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ.

"ಒಂದು ಸಲ ಕರೀಬಾರ್ದಾ ನನ್ನ?"

ದೊಡ್ಡವಳು ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ತಿಳಿಯದ್ದನ್ನು ಕೇಳುವವರ ಹಾಗೆ ಕೇಳಿದಳು.

"ಏನಂತ?"

ಚಿಕ್ಕಮ್ಮ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು, ಇನ್ನೊಂದು ಸಲ ಒರೆಸಿಕೊಂಡಳು. ಆಮೇಲೆ ಬೆಂಚಿನ ಖಾನೆಯಿಂದ ಬೀಗದ ಕೈ ತೆಗೆದು ಕೊಟ್ಟಳು. ದೊಡ್ಡವಳು ಅದನ್ನು ಇಸಿದುಕೊಂಡು, ಬಗ್ಗಿ ತಂಗಿಯ ಭುಜ ಅಲುಗಿಸಿದಳು.

"ಏಳೇ, ಮನೆಗೆ ಹೋಗೋಣ."